ಯಾಕೆ ಸೊರಗೀಯಾ ಎಂದು ಯಾರೂ ಕೇಳದ ವರ್ಷ

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಮಿರ್ಚಿ ಕರಿಯುವ ವಾಸನೆ. ಮೊನ್ನೆ ಹಿರಿಯರ ಹಬ್ಬಕ್ಕೆಂದು ನ್ಯಾಮತಿಯಿಂದ ಬಿಳಿಚೋಡಿಗೆ ಹೊರಟವಳು ಅಲ್ಲಿ ಬಸ್ಸು ಬದಲಿಸಬೇಕಿತ್ತು. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರೂ ಬಾಣಲೆಯ ಹಿಂದಿನಿಂದ ಅಂಗಡಿಯವನು ಕೂಗಿಯೇ ಬಿಟ್ಟ. "ಏನ್ ಟೀಚರ್, ಒಬ್ರೇ ಬಂದೀರಿ? ನಿಮ್ ಜೊತೆ ಬರ್ತಿದ್ರಲ್ಲ ದಪ್ಪನ್ ಮೇಡಂ, ಅವ್ರೆಲ್ಲಿ? ಟ್ರಾನ್ಸ್‌ಫರ್ ಆತಾ?"

ಹೂಂ ಅಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುವ ಸುದ್ದಿಯೇ ಅದು? ಗಿರಿಜಾ ಟ್ರಾನ್ಸ್‌ಫರ್ ಆಗಿಲ್ಲ, ಸತ್ತುಹೋಗಿದ್ದಾಳೆ. ಬೇರೆ ಯಾರಾದರೂ ಅವಳನ್ನು 'ದಪ್ಪನ್ ಮೇಡಂ' ಅಂದಿದ್ದರೆ ನನ್ನ ಬಾಯಿಂದ ಬೈಸಿಕೊಳ್ಳದೆ ಹೋಗುತ್ತಿರಲಿಲ್ಲ. ಆವತ್ತು ಮಾತ್ರ ಆ ಮಾತಿಗೆ ಕಣ್ಣು ತುಂಬಿ ಬಂತು. ಅವಳಿದ್ದ ಹಾಗೆಯೇ ಅವಳನ್ನು ನೆನಪಿಟ್ಟುಕೊಂಡವನು ಈ ಕಡೆ ಅವನೊಬ್ಬನೇ ಇರಬೇಕು. ಒಂದು ಪೊಟ್ಟಣ ಮಿರ್ಚಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ತಿನ್ನಲಾಗಲಿಲ್ಲ, ಎಸೆಯುವುದಕ್ಕೂ ಮನಸ್ಸು ಬರಲಿಲ್ಲ.

ನಾವಿಬ್ಬರೂ ನ್ಯಾಮತಿಯ ಒಂದೇ ಹೈಸ್ಕೂಲಿನ ಟೀಚರುಗಳು. ನಾನು ಕನ್ನಡ, ಅವಳು ಗಣಿತ. ನನ್ನ ಗಂಡ ಮಿಲಿಟರಿಯಲ್ಲಿ, ಅವಳಿಗೆ ಮದುವೆಯಾಗಿರಲಿಲ್ಲ. ಹಾಗಾಗಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನನ್ನ ತವರು ಚನ್ನಗಿರಿ ಕಡೆಯ ನಲ್ಲೂರು, ಅವಳದು ಜಗಳೂರು ಕಡೆಯ ಬಿಳಿಚೋಡು. ಅವಳಿಗಿಂತ ನಾನು ಸ್ವಲ್ಪ ದೊಡ್ಡವಳು ಅಂತ 'ಸುಮಕ್ಕಾ' ಅನ್ನುತ್ತಿದ್ದಳು. ನನ್ನ ಬಾಯಿ ಜೋರು, ಅವಳ ನಗು ಜೋರು. ಓನರ್ ಅಜ್ಜಿ ನಮ್ಮಿಬ್ಬರ ಗದ್ದಲ ತಾಳಲಾರದೆ ಹಗಲೆಲ್ಲ ರೇಡಿಯೋ ಹಾಕಿಕೊಂಡು ಕೂರುತ್ತಿತ್ತು.

ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ಟೀಚರೊಬ್ಬರು ತಿಂದು ನೋಡಬೇಕು ಅಂತ ನಿಯಮವಿದೆ. ಬೇರೆಯವರಾದರೆ ಚಮಚದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಎದ್ದು ಹೋಗುತ್ತಿದ್ದರು. ಗಿರಿಜಾ ತಟ್ಟೆ ಹಿಡಿದು ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತೇಬಿಡುತ್ತಿದ್ದಳು. "ಸಾಂಬಾರಿಗೆ ಹುಳಿ ಸಾಲದು ಕಣ್ರೀ, ಇನ್ನೊಂದ್ ಚೂರು ಬಿಡ್ರಿ" ಅಂತ ಅಡುಗೆಯವರಿಗೆ ಹೇಳಿ, ಹುಳಿ ಬಿಟ್ಟ ಮೇಲೆ ಮತ್ತೊಂದು ಸುತ್ತು ಹಾಕಿಸಿಕೊಳ್ಳುತ್ತಿದ್ದಳು. ಸಾಲಿನಲ್ಲಿ ನಿಂತ ಹುಡುಗರು ದೂರದಿಂದ ಅವಳ ಮುಖ ನೋಡಿಯೇ ಇವತ್ತಿನ ಊಟ ಹೇಗಿದೆ ಅಂತ ಹೇಳುತ್ತಿದ್ದರು. ಹೆಡ್ ಮಾಸ್ಟರು, "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ, ನಮ್ಮ ಗಿರಿಜಾ ಮೇಡಂಗೆ ಊಟ ಬಿಟ್ಟು ಬೇರೆ ಏನೂ ರೋಗವಿಲ್ಲ" ಅಂತ ಚೇಷ್ಟೆ ಮಾಡುತ್ತಿದ್ದರು. ಅವಳೇ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ರೋಗವಿತ್ತು. ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ, ಮಂಡಿ ನೋವು. ಎಸ್ಸೆಸ್ಸೆಲ್ಸಿ ಕ್ಲಾಸು ಮಹಡಿ ಮೇಲೆ. ಮೆಟ್ಟಿಲು ಹತ್ತಿ ಬಂದವಳು ಪಾಠ ಶುರು ಮಾಡುವ ಮುಂಚೆ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದಳು. ಹೊಟ್ಟೆಯ ಚೀಲವನ್ನು ಸಣ್ಣದು ಮಾಡುವ ಆಪರೇಷನ್ ಮಾಡಿಸಿದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಹತೋಟಿಗೆ ಬರುತ್ತದೆ ಅಂತ ಡಾಕ್ಟರು ಹೇಳಿದರು. ಚೆಂದ ಕಾಣಬೇಕು ಅಂತ ಹೊಟ್ಟೆ ಕುಯ್ಯಿಸಿಕೊಂಡಳು ಅಂತ ಆಮೇಲೆ ಆಡಿಕೊಂಡವರಿಗೆ ಇದನ್ನು ಹೇಳುತ್ತಿದ್ದೇನೆ. ಮೆಟ್ಟಿಲು ಹತ್ತುವುದಕ್ಕೆ ಅವಳು ಮಾಡಿಸಿಕೊಂಡದ್ದು.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಆಯಿತು. ನಾನೂ ಜೊತೆಗಿದ್ದೆ. ಆಪರೇಷನ್ನಿಗೆ ಮುಂಚೆ ಮನಸ್ಸಿನ ಡಾಕ್ಟರೊಬ್ಬರು ಕೂರಿಸಿಕೊಂಡು ಮಾತಾಡಿಸಿದರು. ಬೇಜಾರಾದಾಗ ಏನು ಮಾಡ್ತೀರಿ ಅಂತ ಕೇಳಿದ್ದಕ್ಕೆ ಇವಳು, "ಮಿರ್ಚಿ ತಿಂತೀನಿ ಸರ್" ಅಂದಳಂತೆ. ಅವರು ನಗಲಿಲ್ಲವಂತೆ. "ಇನ್ಮೇಲೆ ಬೇಜಾರಾದ್ರೆ ಏನು ಮಾಡ್ತೀರಿ ಅಂತ ಈಗಲೇ ಯೋಚನೆ ಮಾಡಿ. ಮನಸ್ಸು ಕುಗ್ಗಿದರೆ ತಡಮಾಡದೆ ಬನ್ನಿ" ಅಂತ ಹೇಳಿ ಕಳಿಸಿದರು. ಹೊರಗೆ ಬಂದ ಗಿರಿಜಾ ಅವರ ದನಿಯನ್ನೇ ಅಣಕಿಸಿ ನಮ್ಮನ್ನೆಲ್ಲ ನಗಿಸಿದಳು.

ಅವಳ ತಾಯಿ ಹಾಲಮ್ಮ ಬಿಳಿಚೋಡಿನಿಂದ ಒಂದು ಸಣ್ಣ ಬಟ್ಟಲು ತಂದುಕೊಟ್ಟಿತು. ಗಿರಿಜಾ ಕೂಸಾಗಿದ್ದಾಗ ಅನ್ನ ಕಿವುಚಿ ಉಣ್ಣಿಸುತ್ತಿದ್ದ ಬಟ್ಟಲು. "ಡಾಕ್ಟ್ರು ಇಷ್ಟೇ ಉಣ್ಣಾಕೆ ಹೇಳ್ಯಾರೆ ಕಣವ್ವ, ಇದ್ರಾಗೆ ಉಂಡ್ರೆ ಲೆಕ್ಕ ತಪ್ಪಲ್ಲ" ಅಂದಿತು ನನ್ನ ಹತ್ತಿರ. ಆ ಬಟ್ಟಲು ತುಂಬ ಗಂಜಿ ಕುಡಿಯುವಷ್ಟರಲ್ಲಿ ಗಿರಿಜಾಳಿಗೆ ಸಾಕೋ ಸಾಕಾಗುತ್ತಿತ್ತು.

ಜೂನಿನಲ್ಲಿ ಶಾಲೆ ಶುರುವಾಯಿತು. ಮಳೆ ಹಿಡಿಯಿತು. ಗಿರಿಜಾ ದಿನದಿಂದ ದಿನಕ್ಕೆ ಇಳಿದಳು. ಸ್ಟಾಫ್ ರೂಮಿನಲ್ಲಿ ಹಬ್ಬ. "ಗುರುತೇ ಸಿಗಲ್ವಲ್ರೀ!" "ಕಾಲೇಜ್ ಹುಡುಗಿ ಆಗೀರಿ!" ಮಾತೇ ಆಡಿಸದಿದ್ದ ಮೇಷ್ಟ್ರುಗಳು ಅವಳಿಗೆ ಕುರ್ಚಿ ಎಳೆದು ಕೊಡತೊಡಗಿದರು. ಬಸ್ಸಿನಲ್ಲಿ ಕಂಡಕ್ಟರ್ ನಕ್ಕು ಚಿಲ್ಲರೆ ಕೊಟ್ಟ. ಒಂದು ಸಂಜೆ ಛತ್ರಿ ಮಡಿಸುತ್ತಾ ಅವಳಂದಳು: "ಸುಮಕ್ಕಾ, ಈಗ ಎಲ್ರಿಗೂ ನಾನು ಕಾಣ್ತೀನಿ. ಅಂದ್ರೆ ಇಷ್ಟು ವರ್ಷ ನಾನು ಮನುಷ್ಯಳೇ ಆಗಿರ್ಲಿಲ್ವೇನು?" ಅಯ್ಯೋ ಬಿಡೇ, ಜನ ಇರೋದೇ ಹಾಗೆ, ಅಂದೆ.

ಬಿಸಿಯೂಟದ ರುಚಿ ನೋಡುವ ಕೆಲಸ ಬೇರೆಯವರಿಗೆ ಹೋಯಿತು. ಅವಳಿಗೇ ಬೇಡವಾಗಿತ್ತು. ಒಂದು ತುತ್ತು ಹೆಚ್ಚಾದರೆ ಎದೆಯಲ್ಲಿ ಕಲ್ಲಿಟ್ಟಂತೆ ಆಗುತ್ತಿತ್ತು. ಊಟದ ಹೊತ್ತಿನಲ್ಲಿ ಖಾಲಿ ಕ್ಲಾಸಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಶ್ರಾವಣ ಬಂತು. ಹಬ್ಬ, ಸೀಮಂತ, ಗೃಹಪ್ರವೇಶ ಅಂತ ಮನೆಮನೆಯಿಂದ ಊಟದ ಕರೆ. ಮೊದಮೊದಲು ಹೋಗುತ್ತಿದ್ದಳು. ಎಲೆಯ ಮುಂದೆ ಸುಮ್ಮನೆ ಕೂತವಳನ್ನು ಕಂಡು "ನಮ್ಮನೆ ಊಟ ರುಚಿಸಲಿಲ್ವಾ?" ಅಂತ ಅವರು ಮುಖ ಸಣ್ಣ ಮಾಡುತ್ತಿದ್ದರು. ಆಮೇಲೆ ಹೋಗುವುದನ್ನೇ ಬಿಟ್ಟಳು. ನಮ್ಮ ಕಡೆ ಎದುರಾದವರೆಲ್ಲ ಕೇಳುವುದು ಅದೊಂದೇ ತಾನೆ, ಊಟ ಆತಾ? ಆ ಮಾತಿಗೆ ಹೆದರಿ ಅವಳು ಅಂಗಡಿ ಬೀದಿ ಬಿಟ್ಟು ಹಿಂದಿನ ಕೇರಿಯಿಂದ ಶಾಲೆಗೆ ಹೋಗತೊಡಗಿದಳು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ನಗು ನಿಂತಿತ್ತು. ಓನರ್ ಅಜ್ಜಿ ಒಂದು ದಿನ, "ಏನವ್ವಾ, ರೇಡಿಯೋ ಹಾಕದಿದ್ರೂ ಮನೆ ತಣ್ಣಗೈತೆ" ಅಂದಿತು.

ನಾನು ಕನ್ನಡ ಹೇಳಿಕೊಡುವವಳು. ಕೊರಗು, ಸೊರಗು ಎರಡನ್ನೂ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಕೊರಗಿದವರು ಸೊರಗುತ್ತಾರೆ. ನಮ್ಮ ಜನಕ್ಕೆ ಇನ್ನೊಬ್ಬರ ಸಂಕಟ ಗೊತ್ತಾಗುವುದೇ ಹಾಗೆ. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಕೆನ್ನೆ ಒಳಗೆ ಹೋಗಿದೆ, ಬಳೆ ಸಡಿಲವಾಗಿದೆ ಅಂತ ಕಂಡ ತಕ್ಷಣ ಯಾರೋ ಒಬ್ಬರು ಕೈಹಿಡಿದು, "ಯಾಕೆ ಹಿಂಗೆ ಸೊರಗೀಯಾ? ಏನಾತು?" ಅನ್ನುತ್ತಾರೆ. ಅಲ್ಲಿಂದ ಅಳು, ಅಲ್ಲಿಂದ ಸಮಾಧಾನ. ಗಿರಿಜಾಳ ಕೆನ್ನೆ ಒಳಗೆ ಹೋಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊರಗುವುದಕ್ಕೇ ಆಪರೇಷನ್ ಮಾಡಿಸಿಕೊಂಡವಳನ್ನು ಯಾಕೆ ಸೊರಗೀಯಾ ಅಂತ ಯಾವ ಬಾಯಲ್ಲಿ ಕೇಳುವುದು?

ಗಣೇಶನ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಅವಳನ್ನು ನಲ್ಲೂರಿಗೆ ಕರೆದುಕೊಂಡು ಹೋದೆ. ನಮ್ಮಮ್ಮ ಬಾಗಿಲಲ್ಲೇ ಅವಳ ಗಲ್ಲ ಹಿಡಿದು, "ಅಬ್ಬಬ್ಬಾ, ಎಷ್ಟ್ ಚೆಂದ ಆಗೀಯಲ್ಲೇ ಗಿರಿಜಾ! ನನ್ ದೃಷ್ಟೀನೇ ತಾಗೀತು" ಅಂತ ಲಟಿಕೆ ಮುರಿಯಿತು. ನನಗೆ ಹಿಂದಿನ ವಾರ ಜ್ವರ ಬಂದು ಹೋಗಿತ್ತು. ನನ್ನ ಕಡೆ ತಿರುಗಿ, "ನೀನ್ಯಾಕೆ ಹಿಂಗೆ ಸೊರಗೀಯಾ? ಗಂಡ ಫೋನ್ ಮಾಡಿಲ್ವಾ?" ಅಂದಿತು. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಹೊಟ್ಟೆಕಿಚ್ಚಿತ್ತು ಅಂದರೆ ನಂಬುತ್ತೀರಾ? ನನ್ನ ಜ್ವರದ ಮೇಲೆ ಹೊಟ್ಟೆಕಿಚ್ಚು.

ಮಧ್ಯಾಹ್ನ ಸೂಳೆಕೆರೆಗೆ ಹೋದೆವು. ಕೆರೆ ತುಂಬಿತ್ತು. ಮೀನಿನವರು ಬಲೆ ಒಣಹಾಕಿದ್ದರು, ಗಾಳಿಗೆ ಮೀನಿನ ವಾಸನೆ. ಏರಿಯ ಮೇಲೆ ಕೂತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು. "ಸುಮಕ್ಕಾ, ಮುಂಚೆ ಎಷ್ಟೇ ಬೇಜಾರಿದ್ರೂ ಸಾಯಂಕಾಲಕ್ಕೆ ತಿನ್ನಾಕೆ ಒಂದು ಇರ್ತಿತ್ತು. ಈಗ ಏನೂ ಇಲ್ಲ. ತಿನ್ನಬೇಕು ಅಂತಾನೂ ಇಲ್ಲ, ಪಾಠ ಮಾಡ್ಬೇಕು ಅಂತಾನೂ ಇಲ್ಲ. ಇರ್ಬೇಕು ಅಂತಾನೇ ಅನ್ನಿಸ್ತಿಲ್ಲ. ತೂಕ ಇಳಿದಂಗೆ ನಾನೂ ಇಳಿದು ಇಳಿದು ಮುಗಿದುಹೋದ್ರೆ ಸಾಕಾಗೈತೆ."

ನನಗೆ ಮೊದಲು ಬರುವುದೇ ಬೈಗುಳ, ಬೈದೆ. ಆಮೇಲೆ ಅವಳ ಕೈ ಹಿಡಿದುಕೊಂಡು ಅತ್ತೆ. ಮಾರನೆಯ ದಿನವೇ ಇಬ್ಬರೂ ರಜೆ ಹಾಕಿ ದಾವಣಗೆರೆಯ ಒಬ್ಬ ಮನೋವೈದ್ಯರ ಹತ್ತಿರ ಹೋದೆವು. ವಯಸ್ಸಾದ ಡಾಕ್ಟರು, ಗಡಿಬಿಡಿಯಿಲ್ಲದ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ, "ಇದು ನಿಮ್ಮ ತಪ್ಪಲ್ಲಮ್ಮ, ಸೋಮಾರಿತನಾನೂ ಅಲ್ಲ, ಕಾಯಿಲೆ. ಈ ಆಪರೇಷನ್ ಆದ ಕೆಲವರಿಗೆ ಹೀಗೆ ಖಿನ್ನತೆ ಬರುತ್ತೆ. ವಾಸಿ ಆಗುತ್ತೆ. ಮಾತ್ರೆ ಮಾತ್ರ ಮಧ್ಯದಲ್ಲಿ ನಿಲ್ಲಿಸಬಾರದು" ಅಂದರು. ಅವಳನ್ನು ಒಂಟಿಯಾಗಿ ಬಿಡಬೇಡಿ ಅಂತ ನನಗೂ ಹೇಳಿದರು.

ವಾಸಿಯಾಗುತ್ತಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕೆಲವು ವಾರ ಕಳೆಯುವುದರೊಳಗೆ ಅವಳಿಗೆ ನಿದ್ದೆ ಬರತೊಡಗಿತು. ಒಂದು ಬೆಳಿಗ್ಗೆ ನಾನು ಮಾಡಿದ ಉಪ್ಪಿಟ್ಟನ್ನು ಒಂದು ಚಮಚ ಬಾಯಿಗಿಟ್ಟುಕೊಂಡು, "ಇದನ್ನ ಗೋಡೆಗೆ ಪೋಸ್ಟರ್ ಅಂಟಿಸಾಕೆ ಇಟ್ಕೋ ಸುಮಕ್ಕಾ" ಅಂದಳು. ನಾನು ಸೌಟು ಹಿಡಿದು ಅಟ್ಟಿಸಿಕೊಂಡು ಹೋದೆ. ಓನರ್ ಅಜ್ಜಿ ರೇಡಿಯೋ ಹಾಕಿತು.

ದಸರಾ ರಜೆ ಬಂತು, ಗಿರಿಜಾ ಊರಿಗೆ ಹೋದಳು. ಅವಳ ಸೋದರಮಾವ ಒಂದು ಗಂಡಿನ ಸುದ್ದಿ ತಂದಿದ್ದ. ದಪ್ಪಗಿದ್ದಾಗ ಒಬ್ಬರೂ ತಿರುಗಿ ನೋಡದ ಹುಡುಗಿಯನ್ನು ಕೇಳಿಕೊಂಡು ಬರುತ್ತಾರೆ ಅಂದರೆ ಹಾಲಮ್ಮನಿಗೆ ನೆಲವೇ ಕಾಣಲಿಲ್ಲ. ಆಪರೇಷನ್ ವಿಷಯ ಎತ್ತಬಾರದು ಅಂತ ಮಾವನ ಕಟ್ಟಪ್ಪಣೆ. ಮದುವೆಯಾಗುವ ಹುಡುಗಿ ತಲೆ ಗುಳಿಗೆ ನುಂಗುತ್ತಾಳೆ ಅಂದರೆ ಯಾರು ಒಪ್ಪುತ್ತಾರೆ ಅಂತ ಹಾಲಮ್ಮ ಮಾತ್ರೆಯನ್ನು ಜೋಳದ ಡಬ್ಬಿಯ ತಳಕ್ಕೆ ಸೇರಿಸಿತು. ಗಿರಿಜಾಳಿಂದ ಇದು ಗೊತ್ತಾಗಿ ನಾನು ಫೋನಿನಲ್ಲಿ ಕೂಗಾಡಿದೆ. "ನೋಡಾಕೆ ಬಂದೋರು ಹೋಗ್ಲಿ ಕಣವ್ವ, ಆಮೇಲೆ ಕೊಡ್ತೀನಿ. ಗುಳಿಗೆ ಏನ್ ಓಡಿ ಹೋಗ್ತಾವಾ?" ಅಂದಿತು ಹಾಲಮ್ಮ. ಗಂಡಿನವರು ಬರುವುದು ಒಂದು ಸಲ ಮುಂದಕ್ಕೆ ಹೋಯಿತು, ಮತ್ತೊಂದು ಸಲವೂ ಹೋಯಿತು. ಮಾತ್ರೆ ಡಬ್ಬಿಯಲ್ಲೇ ಉಳಿಯಿತು.

ನೋಡುವ ದಿನ ನಾನೇ ಬಿಳಿಚೋಡಿಗೆ ಹೋದೆ. ಗಿರಿಜಾ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಕಣ್ಣು ಮತ್ತೆ ಸೂಳೆಕೆರೆ ಏರಿಯ ಮೇಲಿದ್ದ ಹಾಗೇ ಆಗಿತ್ತು. ಗಂಡಿನ ತಾಯಿ ಒಳ್ಳೆಯ ಹೆಂಗಸೇ. ಹೋಳಿಗೆ ತಟ್ಟೆಯನ್ನು ಇವಳ ಕಡೆ ಸರಿಸಿ, "ನೀನೂ ತಿನ್ನವ್ವ. ನಮ್ಮನೆಗೆ ಬರೋಳು ಉಂಡು ತಿಂದು ಗಟ್ಟಿಯಾಗಿರ್ಬೇಕು" ಅಂದರು. ಸಿಹಿಯನ್ನು ಆ ಹೊಟ್ಟೆ ತಾಳುವುದಿಲ್ಲ. ಗಿರಿಜಾ ಮಾವನ ಮುಖ ನೋಡಿದಳು. ಮಾವ ಕಣ್ಣಲ್ಲೇ ತಿನ್ನು ಅಂದ. ನಾನು ತಡೆಯಲು ಬಾಯಿ ತೆರೆಯುವಷ್ಟರಲ್ಲಿ, ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವಳಂತೆ, ಇಡೀ ಹೋಳಿಗೆಯನ್ನು ತುಪ್ಪದ ಸಮೇತ ತಿಂದು ಮುಗಿಸಿದಳು.

ಸ್ವಲ್ಪ ಹೊತ್ತಿಗೆಲ್ಲ ಮುಖದ ಮೇಲೆ ಬೆವರು, ಕೈ ನಡುಕ. ಎದ್ದು ಹಿತ್ತಿಲಿಗೆ ಓಡಿದಳು. ವಾಂತಿ ಮಾಡುವ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಗಂಡಿನ ತಾಯಿಯೂ ಜೊತೆಗೆ ಬಂದ ಹೆಂಗಸೂ ಮುಖ ಮುಖ ನೋಡಿಕೊಂಡರು. ಮದುವೆಯಾಗದ ಹುಡುಗಿ ವಾಂತಿ ಮಾಡಿಕೊಂಡರೆ ನಮ್ಮ ಜನಕ್ಕೆ ಹೊಳೆಯುವುದು ಒಂದೇ. ಚಹಾ ಮುಟ್ಟದೆ ಎದ್ದರು.

ಹಾಲಮ್ಮ ಅವರ ಹಿಂದೆ ಬೀದಿಗೆ ಓಡಿತು. ಮಗಳ ಮಾನ ಉಳಿಸಬೇಕು ಅನ್ನುವುದೊಂದೇ ಅದರ ತಲೆಯಲ್ಲಿ. "ತಾಯೀ, ನೀವಂದ್ಕೊಂಡಂಗೆ ಏನೂ ಇಲ್ಲ ಕಣವ್ವ! ನನ್ ಮಗಳಿಗೆ ಆಪರೇಷನ್ ಆಗೈತೆ, ಹೊಟ್ಟೆ ಆಪರೇಷನ್, ಅಷ್ಟೇ!" ಅಂತ ಓಣಿಯ ಮಧ್ಯೆ ನಿಂತು ಕೂಗಿತು.

ಹೆಂಗಸಿಗೆ ಆಪರೇಷನ್ ಆಗಿದೆ ಅಂದರೆ ನಮ್ಮ ಹಳ್ಳಿಗಳಲ್ಲಿ ಏನರ್ಥ ಅಂತ ಬಿಡಿಸಿ ಹೇಳಬೇಕೇ? ಹೆತ್ತು ಮುಗಿದ ಮೇಲೆ ಮಕ್ಕಳು ಸಾಕು ಅಂತ ಮಾಡಿಸುವುದು ಆಪರೇಷನ್. ಮದುವೆಯಾಗದವಳಿಗೆ ಹೊಟ್ಟೆ ಆಪರೇಷನ್ ಅಂದರೆ ಇನ್ನೊಂದು, ಬಸಿರು ತೆಗೆಸಿದ್ದು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಹಾಲಮ್ಮನ ಬಾಯಿಂದಲೇ ಕೇಳಿದರು. ಗಿರಿಜಾಳೂ ಹಿತ್ತಿಲ ಕಲ್ಲಿನ ಮೇಲೆ ಕೂತು ಕೇಳಿದಳು. ನಾನು ಮನೆಮನೆಗೆ ಹೋಗಿ ಹೊಟ್ಟೆಯ ಚೀಲ, ಸಕ್ಕರೆ ಕಾಯಿಲೆ ಅಂತ ತಿಳಿಸಿ ಹೇಳಿದೆ. ಎಲ್ಲರೂ ಹೂಂಗುಟ್ಟಿದರು. ನಾನು ಹೊಸ್ತಿಲು ದಾಟುತ್ತಿದ್ದಂತೆ ಒಳಗಿನಿಂದ ಒಂದು ದನಿ, "ಬೆಂಕಿ ಇಲ್ದೆ ಹೊಗೆ ಆಡ್ತೈತಾ?" ಅಂದಿತು.

ಜೋಳದ ಡಬ್ಬಿಗೆ ಕೈಹಾಕಿ ಮಾತ್ರೆ ಹೊರಗೆ ತೆಗೆದೆ. ನನ್ನ ಜೊತೆ ನ್ಯಾಮತಿಗೆ ಬಾರೇ ಅಂದೆ. "ರಜೆ ಮುಗಿದ ಮೇಲೆ ಬರ್ತೀನಿ ಸುಮಕ್ಕಾ. ಈಗ ಹೋದ್ರೆ ಓಡಿಹೋದ್ಲು ಅಂತಾರೆ" ಅಂದಳು. ಮಾತ್ರೆ ತಪ್ಪಿಸಬಾರದು, ಅವಳನ್ನು ಒಬ್ಬಳನ್ನೇ ಬಿಡಬಾರದು ಅಂತ ಹಾಲಮ್ಮನ ಕೈಯಲ್ಲಿ ಆಣೆ ಹಾಕಿಸಿಕೊಂಡು ಬಂದೆ. ಹಾಲಮ್ಮ ಆಣೆ ತಪ್ಪಲಿಲ್ಲ, ಮಗಳನ್ನು ಬಿಟ್ಟು ಕದಲಲಿಲ್ಲ. ಆದರೂ ಶಾಲೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ, ಹಾಲಮ್ಮ ಹಾಲು ತರಲು ಹೋಗಿ ಬರುವಷ್ಟರಲ್ಲಿ, ಗಿರಿಜಾ ತನ್ನ ಜೀವ ತಾನೇ ತೆಗೆದುಕೊಂಡಳು. ಹೇಗೆ ಅಂತ ಬರೆಯುವುದಿಲ್ಲ. ಬಂದವರಿಗೆಲ್ಲ ಹೇಗೆ ಅನ್ನುವುದೇ ಬೇಕಿತ್ತು, ಯಾಕೆ ಅನ್ನುವುದು ಒಬ್ಬರಿಗೂ ಬೇಕಿರಲಿಲ್ಲ. ಮಲಗಿಸಿದ್ದವಳನ್ನು ನೋಡಿ ಒಬ್ಬಾಕೆ, "ಪಾಪ, ಎಷ್ಟ್ ಸಣ್ಣಗಾಗಿದ್ಲು, ಈಗ್ತಾನೇ ಚೆಂದ ಕಾಣಾಕೆ ಹತ್ತಿದ್ಲು" ಅಂದಳು. ಆ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ನಾನು ಆ ಮಾತನ್ನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಮೊನ್ನೆ ಬಿಳಿಚೋಡಿನಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಬಾಗಿಲಲ್ಲಿ ಹಾಲಮ್ಮ ನಿಂತಿತ್ತು. ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಕುಪ್ಪಸದ ತೋಳಿನಲ್ಲಿ ಕೈ ಇದೆಯೋ ಇಲ್ಲವೋ ಅನ್ನುವ ಹಾಗಾಗಿತ್ತು.

ಒಳಗೆ ಗಿರಿಜಾಳ ಫೋಟೋ ಮುಂದೆ ಹೊಸ ಸೀರೆ ಮಡಿಸಿಟ್ಟು ಎಡೆ ಹಾಕಿತ್ತು. ಹಿರಿಯರ ಹಬ್ಬದ ಎಡೆ ಅಂದರೆ ಎಲೆ ತುಂಬಿ ಚೆಲ್ಲಬೇಕು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ಇಲ್ಲಿ ದೊಡ್ಡ ಬಾಳೆ ಎಲೆಯ ನಡುವೆ ಆ ಸಣ್ಣ ಬಟ್ಟಲು, ಅದರಲ್ಲಿ ಕಿವುಚಿದ ಅನ್ನ. ಹೋಳಿಗೆಯ ಸುಳಿವೇ ಇಲ್ಲ. "ಜಾಸ್ತಿ ಇಟ್ರೆ ಹೆದರ್ಕೊತಾಳೆ ಕಣವ್ವ" ಅಂದಿತು ಹಾಲಮ್ಮ. ನಾನು ಚೀಲದಿಂದ ಮಿರ್ಚಿ ಪೊಟ್ಟಣ ತೆಗೆದು ಎಲೆಯ ತುದಿಯಲ್ಲಿ ಒಂದನ್ನು ಇಟ್ಟೆ. ತಣ್ಣಗಾಗಿ ಮೆತ್ತಗಾಗಿತ್ತು. ಹಾಲಮ್ಮ ಬೇಡ ಅನ್ನಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಕಡುಬಿನ ತಟ್ಟೆ ಹಿಡಿದು ಬಂದಳು. ತಟ್ಟೆ ಕೆಳಗಿಟ್ಟು ಹಾಲಮ್ಮನ ಕೈಹಿಡಿದು, ಮೇಲಿಂದ ಕೆಳಗೆ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು. "ಯಾಕಕ್ಕಾ ಹಿಂಗೆ ಸೊರಗೀಯಾ?"

ಹಾಲಮ್ಮ ಕೈ ಬಿಡಿಸಿಕೊಂಡಿತು. ಎಡೆಯ ಬಟ್ಟಲನ್ನು ಸ್ವಲ್ಪ ಸರಿಮಾಡಿ ಇಟ್ಟು ಹೇಳಿತು.

"ಆಪರೇಷನ್ ಮಾಡಿಸಿಲ್ಲ ಕಣವ್ವ. ಇದು ಸಂಕಟಕ್ಕೆ ಸೊರಗಿದ್ದು."